ಗೆದ್ದಲು ಜಿರಳೆಯ ಗಣಕ್ಕೆ ಹೇಗೆ ಹೋಯ್ತು? ಜೀವಿಗಳ ವರ್ಗೀಕರಣ ಯಾಕೆ ಬದಲಾಗ್ತಾನೇ ಇರುತ್ತೆ?

ಅಂಚೆಚೀಟಿ

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿಯಲ್ಲಿ ಪ್ರಾಣಿಶಾಸ್ತ್ರ ಓದಿ ಬಹಳ ವರ್ಷ ಆಯ್ತು. ಈಗ ಮಗಳು ಕೀಟಗಳ ಮೇಲೆ ಒಂದು ಪ್ರಾಜೆಕ್ಟ್ ಮಾಡ್ತಿದ್ದಾಳೆ. ಗೆದ್ದಲು ಯಾವ ಗಣಕ್ಕೆ (ಇಂಗ್ಲಿಷಿನಲ್ಲಿ ಆರ್ಡರ್) ಸೇರುತ್ತೆ ಅಂತ ಕೇಳಿದಳು. ಬಾಯಿಪಾಠ ಇತ್ತು, ತಕ್ಷಣ "ಐಸಾಪ್ಟೆರಾ" ಅಂದೆ. ಐಸೋ ಅಂದ್ರೆ ಸಮ, ಟೆರಾನ್ ಅಂದ್ರೆ ರೆಕ್ಕೆ, ನಾಲ್ಕೂ ರೆಕ್ಕೆ ಒಂದೇ ಅಳತೆ ಇರೋದ್ರಿಂದ ಆ ಹೆಸರು ಅಂತ ವಿವರಣೆನೂ ಕೊಟ್ಟೆ. ಅವಳ ಪುಸ್ತಕ ತೆಗೆದು ನೋಡಿದ್ರೆ "ಬ್ಲಾಟೋಡಿಯ" ಅಂತಿದೆ. ಅದು ಜಿರಳೆಗಳ ಗಣ ಅಲ್ವಾ?

"ಅಪ್ಪ, ನೀನು ಓದಿದ್ದು ತಪ್ಪಾ, ನಾನು ಓದ್ತಿರೋದು ತಪ್ಪಾ?" ಅಂದಳು. ಏನು ಹೇಳೋದು ಅಂತ ಹೊಳೀಲಿಲ್ಲ. ಗೆದ್ದಲು ನೋಡೋಕೆ ಇರುವೆ ಥರ. ಗೂಡು ಕಟ್ಟುತ್ತೆ, ರಾಣಿ ಇದೆ, ಸೈನಿಕರಿದ್ದಾರೆ. ಜಿರಳೆಗೂ ಅದಕ್ಕೂ ಏನು ಸಂಬಂಧ? ಒಂದು ಇಡೀ ಗಣವನ್ನೇ ತೆಗೆದುಹಾಕೋ ಅಧಿಕಾರ ಯಾರ ಕೈಲಿದೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ಅವಳಿಗೆ ಸರಿಯಾದ ಉತ್ತರ ಕೊಡಬೇಕು ಅನ್ನೋ ಆಸೆ.

ಹುತ್ತದ ಮಣ್ಣು

ನಾನು ಗೆದ್ದಲಿನ ಮೇಲೇ ಕೆಲಸ ಮಾಡುವವಳು. ಈ ಪ್ರಶ್ನೆ ನೋಡಿ ಸುಮ್ಮನೆ ಮುಂದೆ ಹೋಗೋಕೆ ಆಗಲಿಲ್ಲ. ಉತ್ತರ ಉದ್ದ ಆಗುತ್ತೆ, ಪುರುಸೊತ್ತಿನಲ್ಲಿ ಓದಿ.

ಮೊದಲು ಇರುವೆಯ ವಿಷಯ. ಮಗಳ ಕೈಗೆ ಒಂದು ಭೂತಗನ್ನಡಿ ಕೊಡಿ. ಒಂದು ಇರುವೆ, ಒಂದು ಗೆದ್ದಲು ಪಕ್ಕಪಕ್ಕ ಇಟ್ಟು ನೋಡಲಿ. ಇರುವೆಯ ಕುಡಿಮೀಸೆ ಮೊಣಕೈ ಮಡಚಿದ ಹಾಗೆ ನಡುವೆ ಬಾಗಿರುತ್ತೆ, ಗೆದ್ದಲಿನದು ಮಣಿ ಪೋಣಿಸಿದ ಸರದ ಹಾಗೆ ನೇರ. ಇರುವೆಗೆ ದಾರ ಕಟ್ಟಿದಷ್ಟು ಸಣ್ಣ ಸೊಂಟ, ಗೆದ್ದಲಿಗೆ ಸೊಂಟವೇ ಇಲ್ಲ. ಇರುವೆ ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಕೀಟ ಅಂತ ನಾಲ್ಕು ಹಂತ ದಾಟುತ್ತೆ. ಗೆದ್ದಲಿಗೆ ಕೋಶದ ಹಂತವೇ ಇಲ್ಲ. ಮೊಟ್ಟೆಯಿಂದ ಹೊರಬಂದ ಮರಿಯೇ ಪುಟ್ಟ ಗೆದ್ದಲು, ಪೊರೆ ಕಳಚುತ್ತಾ ದೊಡ್ಡದಾಗುತ್ತೆ. ಇರುವೆಯ ಕೆಲಸಗಾರರೆಲ್ಲ ಹೆಣ್ಣು, ಗೆದ್ದಲಿನಲ್ಲಿ ಗಂಡೂ ಇರುತ್ತೆ ಹೆಣ್ಣೂ ಇರುತ್ತೆ. ಇರುವೆಯ ಗಂಡು ಮಿಲನ ಮುಗಿದ ಮೇಲೆ ಸಾಯುತ್ತೆ, ಗೆದ್ದಲಿನ ರಾಜ ಮಾತ್ರ ರಾಣಿಯ ಪಕ್ಕದಲ್ಲೇ ವರ್ಷಗಟ್ಟಲೆ ಬದುಕಿರುತ್ತಾನೆ. ಇರುವೆಯ ಹತ್ತಿರದ ನೆಂಟರು ಕಣಜ ಮತ್ತು ಜೇನು. ಗೂಡು ಕಟ್ಟಿ ಒಟ್ಟಾಗಿ ಬಾಳುವ ಪದ್ಧತಿ ಈ ಎರಡು ವಂಶಗಳಲ್ಲಿ ಬೇರೆಬೇರೆಯಾಗಿ ಹುಟ್ಟಿದೆ. ಬಾವಲಿಗೂ ಹಕ್ಕಿಗೂ ರೆಕ್ಕೆ ಬೇರೆಬೇರೆ ದಾರಿಯಲ್ಲಿ ಬಂದ ಹಾಗೆ.

ಇನ್ನು ಜಿರಳೆ. ಕ್ರಿಪ್ಟೋಸರ್ಕಸ್ ಅನ್ನೋ ಒಂದು ಜಿರಳೆ ಇದೆ. ರೆಕ್ಕೆ ಇಲ್ಲ, ಕೊಳೆತ ಮರದೊಳಗೆ ಸುರಂಗ ಕೊರೆದು ಅಪ್ಪ, ಅಮ್ಮ, ಮರಿಗಳು ಒಂದೇ ಕುಟುಂಬವಾಗಿ ಇರುತ್ತವೆ. ಮರ ತಿಂದು ಅರಗಿಸಿಕೊಳ್ಳೋದು ಸುಲಭದ ಮಾತಲ್ಲ, ಅದಕ್ಕೆ ಕರುಳಿನಲ್ಲಿ ವಿಶೇಷವಾದ ಏಕಕೋಶ ಜೀವಿಗಳು ಬೇಕು. ಈ ಜಿರಳೆಯ ಮರಿಗಳು ದೊಡ್ಡವರ ಹಿಂಗರುಳಿನಿಂದ ಬರುವ ದ್ರವವನ್ನು ಕುಡಿದು ಆ ಜೀವಿಗಳನ್ನು ಪಡೆಯುತ್ತವೆ. ಗೆದ್ದಲೂ ಹೀಗೇ ಮಾಡುತ್ತೆ. 1934ರಲ್ಲೇ ಕ್ಲೀವ್‌ಲ್ಯಾಂಡ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಕ್ರಿಪ್ಟೋಸರ್ಕಸ್‌ನ ಕರುಳನ್ನು ವಿವರವಾಗಿ ಅಧ್ಯಯನ ಮಾಡಿ, ಒಳಗಿರೋ ಜೀವಿಗಳು ಗೆದ್ದಲಿನ ಹೊಟ್ಟೆಯಲ್ಲಿರೋವಕ್ಕೆ ಬಲು ಹತ್ತಿರ ಅಂತ ತೋರಿಸಿದ್ದರು.

ಇನ್ನೊಂದು ಕಡೆಯಿಂದ ನೋಡಿ. ಆಸ್ಟ್ರೇಲಿಯಾದಲ್ಲಿ ಮ್ಯಾಸ್ಟೋಟರ್ಮಿಸ್ ಅನ್ನೋ ಗೆದ್ದಲಿದೆ. ಬೇರೆ ಗೆದ್ದಲುಗಳು ಮೊಟ್ಟೆಯನ್ನು ಬಿಡಿಬಿಡಿಯಾಗಿ ಇಡುತ್ತವೆ, ಇದು ಜಿರಳೆಯ ಹಾಗೆ ಮೊಟ್ಟೆಗಳನ್ನು ಸಾಲಾಗಿ ಜೋಡಿಸಿ ಒಟ್ಟಿಗೆ ಅಂಟಿಸಿ ಇಡುತ್ತೆ. ಅದರ ಹಿಂದಿನ ರೆಕ್ಕೆಯಲ್ಲಿ ಜಿರಳೆಗಿರುವಂಥದೇ ಅಗಲದ ಮಡಿಕೆ ಇದೆ. ಅಂದ್ರೆ ನೀವು ಹೇಳಿದ "ಸಮ ರೆಕ್ಕೆ" ಲಕ್ಷಣ ಈ ಗೆದ್ದಲಿಗೇ ಪೂರ್ತಿ ಒಪ್ಪೋದಿಲ್ಲ!

ಜಿರಳೆಯಲ್ಲಿ ಒಂದು ಗೆದ್ದಲಿನ ಹಾಗೆ, ಗೆದ್ದಲಿನಲ್ಲಿ ಒಂದು ಜಿರಳೆಯ ಹಾಗೆ. ಅನುಮಾನ ಬಹಳ ಕಾಲದಿಂದ ಇತ್ತು. ಆಮೇಲೆ ಜೀನ್‌ಗಳನ್ನು ಹೋಲಿಸಿ ನೋಡೋ ಕಾಲ ಬಂತು. 2007ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ಗೆದ್ದಲುಗಳು ಜಿರಳೆಯ ವಂಶವೃಕ್ಷದ ಒಳಗಿನ ಒಂದು ಕೊಂಬೆ ಅಂತ ಸ್ಪಷ್ಟವಾಯ್ತು. ಅಕ್ಕಪಕ್ಕದ ಮರ ಅಲ್ಲ, ಅದೇ ಮರದ ಕೊಂಬೆ. ಕ್ರಿಪ್ಟೋಸರ್ಕಸ್‌ಗೆ ಬೇರೆ ಜಿರಳೆಗಳಿಗಿಂತ ಗೆದ್ದಲೇ ಹತ್ತಿರದ ನೆಂಟ. ಹಾಗಿರುವಾಗ ಗೆದ್ದಲಿಗೆ ಪ್ರತ್ಯೇಕ ಗಣ ಕೊಟ್ಟು ಜಿರಳೆಗೆ ಇನ್ನೊಂದು ಗಣ ಕೊಟ್ಟರೆ, ಒಡಹುಟ್ಟಿದವರನ್ನು ಬೇರೆ ಮಾಡಿ ದೂರದ ದಾಯಾದಿಗಳನ್ನು ಒಂದು ಮನೆಯಲ್ಲಿ ಇಟ್ಟ ಹಾಗೆ.

ಎಲೆನರ

ಹುತ್ತದ ಮಣ್ಣು ಅವರೇ, ಇಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ನಾನು ಇತಿಹಾಸದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಅಂಚೆಚೀಟಿ ಅವರು "ಐಸಾಪ್ಟೆರಾ" ಮೊದಲಿನಿಂದ ಇದ್ದದ್ದು, ಈಗ ಬದಲಾಯಿತು ಎಂಬ ಭಾವದಲ್ಲಿ ಬರೆದಿದ್ದಾರೆ. ಆದರೆ ಐಸಾಪ್ಟೆರಾ ಕೂಡ ಒಂದು ಬದಲಾವಣೆಯೇ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ತಮ್ಮ ವರ್ಗೀಕರಣದ ಹತ್ತನೇ ಆವೃತ್ತಿ ತಂದಾಗ ಗೆದ್ದಲನ್ನು "ರೆಕ್ಕೆ ಇಲ್ಲದವು" ಎಂಬ ಗಣಕ್ಕೆ ಹಾಕಿದ್ದರು. ಅದೇ ಗಣದಲ್ಲಿ ಹೇನು, ಚಿಗಟ, ಜೇಡ, ಚೇಳು, ಶತಪದಿ ಎಲ್ಲ ಇದ್ದವು. ಏಡಿ ಕೂಡ! ಐಸಾಪ್ಟೆರಾ ಎಂಬ ಹೆಸರು ಬಂದದ್ದು 1832ರಲ್ಲಿ. ಅಂದರೆ ಗೆದ್ದಲು ಈ ಎರಡೂವರೆ ಶತಮಾನದಲ್ಲಿ ಕನಿಷ್ಠ ಮೂರು ಮನೆ ನೋಡಿದೆ. ಲಿನೇಯಸ್ ತಮ್ಮ ತೀರ್ಮಾನಗಳನ್ನು ತಾವೇ ತಿದ್ದಿಕೊಂಡದ್ದೂ ಇದೆ. 1735ರ ಮೊದಲ ಆವೃತ್ತಿಯಲ್ಲಿ ತಿಮಿಂಗಿಲ ಮೀನುಗಳ ಜೊತೆಗಿತ್ತು, 1758ರಲ್ಲಿ ಅದನ್ನು ಸಸ್ತನಿಗಳಿಗೆ ತಂದರು.

ಅಧಿಕಾರ ಯಾರದು ಎಂದು ಕೇಳಿದಿರಿ. ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ಹೆಸರಿಡುವುದಕ್ಕೆ ಕಟ್ಟುನಿಟ್ಟಿನ ನಿಯಮಾವಳಿ ಇದೆ. ಪ್ರಾಣಿಗಳಿಗೆ ಒಂದು ಅಂತರರಾಷ್ಟ್ರೀಯ ಸಂಹಿತೆ, ಸಸ್ಯ, ಪಾಚಿ ಮತ್ತು ಶಿಲೀಂಧ್ರಗಳಿಗೆ ಇನ್ನೊಂದು. ಪ್ರಾಣಿಗಳ ಹೆಸರುಗಳಿಗೆ 1758 ಆರಂಭದ ವರ್ಷ, ಸಸ್ಯಗಳಿಗೆ ಲಿನೇಯಸ್ ಅವರದೇ 1753ರ ಗ್ರಂಥ. ಒಂದೇ ಜೀವಿಗೆ ಇಬ್ಬರು ಬೇರೆ ಬೇರೆ ಹೆಸರಿಟ್ಟಿದ್ದರೆ ಸಾಮಾನ್ಯವಾಗಿ ಮೊದಲು ಪ್ರಕಟವಾದದ್ದೇ ನಿಲ್ಲುತ್ತದೆ. ಆದರೆ ಯಾವ ಗುಂಪು ಯಾವುದರ ಒಳಗೆ ಬರಬೇಕು ಎಂದು ಈ ಸಂಹಿತೆಗಳು ಹೇಳುವುದಿಲ್ಲ. ಅದನ್ನು ಒಬ್ಬರು ಸಾಕ್ಷ್ಯ ಕೊಟ್ಟು ಪ್ರಕಟಿಸುತ್ತಾರೆ, ಉಳಿದವರು ಪರೀಕ್ಷಿಸುತ್ತಾರೆ, ಸರಿ ಕಂಡರೆ ಬಳಸತೊಡಗುತ್ತಾರೆ. ಯಾವ ಕಚೇರಿಯ ಮೊಹರೂ ಅದಕ್ಕಿಲ್ಲ.

ಇನ್ನೊಂದು ಮಾತು, ಮಗಳಿಗೆ ಉಪಯೋಗವಾಗಬಹುದು. ಕನ್ನಡ ಪುಸ್ತಕಗಳಲ್ಲಿ ಜೀನಸ್‌ಗೆ ಕೆಲವರು "ಜಾತಿ" ಎನ್ನುತ್ತಾರೆ, ಕೆಲವರು "ಕುಲ" ಎನ್ನುತ್ತಾರೆ. ಸ್ಪೀಷೀಸ್‌ಗೆ "ಪ್ರಭೇದ" ಎಂದು ಬರೆಯುವವರಿದ್ದಾರೆ, "ಪ್ರಜಾತಿ" ಎನ್ನುವವರೂ ಇದ್ದಾರೆ. ಎರಡು ಪುಸ್ತಕ ಇಟ್ಟುಕೊಂಡು ಓದುವ ಮಕ್ಕಳು ಇಲ್ಲೇ ಎಡವುತ್ತಾರೆ. ನಾನು ಕುಲ, ಪ್ರಭೇದ ಎಂದೇ ಬರೆಯುತ್ತೇನೆ. ಯಾವುದನ್ನು ಆರಿಸಿಕೊಂಡರೂ ಪ್ರಾಜೆಕ್ಟ್ ಪೂರ್ತಿ ಅದನ್ನೇ ಬಳಸಲಿ.

ಪಾಟೀಗಲ್ಲು

ಛಲೋ ಚರ್ಚಾ ನಡದೈತ್ರಿ. ಒಂದು ಸಂಶಯ. ನೆಂಟಸ್ತನ ನೋಡೇ ಗುಂಪು ಮಾಡೂದಾದ್ರ, ಮೀನು ಅನ್ನೂ ಗುಂಪೇ ಇಲ್ಲ ಅಂತ ಎಲ್ಲೋ ಓದಿದ್ದೆ. ಅದು ಖರೇನ? ಮೀನು ಕಣ್ಣಿಗೆ ಕಾಣಸ್ತದ, ನೀರಾಗ ಈಜ್ತದ. ಅದು ಹೆಂಗ ಇಲ್ಲಂತ ಆಗ್ತದ್ರಿ?

ಹುತ್ತದ ಮಣ್ಣು

ಖರೇನೇ ರೀ. ಆದರೆ ಮೀನುಗಳು ಇಲ್ಲ ಅಂತಲ್ಲ, "ಮೀನು" ಅನ್ನೋದು ಒಂದು ಪೂರ್ತಿ ವಂಶ ಅಲ್ಲ ಅಂತ.

ಶ್ವಾಸಕೋಶ ಇರೋ ಲಂಗ್‌ಫಿಶ್ ಅನ್ನೋ ಮೀನಿದೆ. ಅದನ್ನೂ ಒಂದು ಟ್ಯೂನಾ ಮೀನನ್ನೂ ಒಂದು ಹಸುವನ್ನೂ ಸಾಲಾಗಿ ನಿಲ್ಲಿಸಿ ಯಾರಿಗೆ ಯಾರು ಹತ್ತಿರ ಅಂತ ಕೇಳಿದರೆ, ಲಂಗ್‌ಫಿಶ್ ಟ್ಯೂನಾಗಿಂತ ಹಸುವಿಗೇ ಹತ್ತಿರ. ಲಂಗ್‌ಫಿಶ್‌ಗೂ ಹಸುವಿಗೂ ಇದ್ದ ಸಮಾನ ಪೂರ್ವಜ ಟ್ಯೂನಾದ ವಂಶ ಕವಲೊಡೆದು ಹೋದ ಮೇಲೆ ಬದುಕಿತ್ತು. ಹಾಗಾಗಿ ಎಲ್ಲ ಮೀನುಗಳನ್ನೂ ಒಂದು ಗುಂಪಿಗೆ ಹಾಕಿ ಗೆರೆ ಎಳೆಯೋಕೆ ಹೊರಟರೆ ಆ ಗೆರೆಯ ಒಳಗೆ ಕಪ್ಪೆ, ಹಲ್ಲಿ, ಹಕ್ಕಿ, ಹಸು, ಮನುಷ್ಯ ಎಲ್ಲ ಬಂದುಬಿಡುತ್ತಾರೆ.

ಸರೀಸೃಪದ ಕಥೆಯೂ ಇದೇ. ಮೊಸಳೆಗೆ ಹಲ್ಲಿಗಿಂತ ಹಕ್ಕಿ ಹತ್ತಿರ. ಹಕ್ಕಿಗಳು ಡೈನೋಸಾರ್‌ಗಳದೇ ಉಳಿದ ಒಂದು ಕವಲು. ಹಕ್ಕಿಯನ್ನು ಹೊರಗಿಟ್ಟು ಸರೀಸೃಪ ಅನ್ನೋದು, ಮನೆಯ ಒಬ್ಬ ಮಗಳನ್ನು ಬಿಟ್ಟು ಕುಟುಂಬದ ಫೋಟೊ ತೆಗೆದ ಹಾಗೆ.

ಈ ರೀತಿ ಯೋಚಿಸೋದನ್ನು ಒಂದು ವಿಧಾನವಾಗಿ ಕಟ್ಟಿಕೊಟ್ಟವರು ವಿಲ್ಲಿ ಹೆನ್ನಿಗ್ ಎಂಬ ಜರ್ಮನ್ ಕೀಟಶಾಸ್ತ್ರಜ್ಞ. ನೊಣಗಳ ತಜ್ಞರು. 1950ರಲ್ಲಿ ಅವರ ಪುಸ್ತಕ ಜರ್ಮನ್ ಭಾಷೆಯಲ್ಲಿ ಬಂತು, 1966ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಎಲ್ಲ ಕಡೆ ಹರಡಿತು. ಅವರ ಮಾತಿನ ತಿರುಳು ಇಷ್ಟು: ಹೋಲಿಕೆ ಇದ್ದರೆ ಸಾಲದು, ಅದು ಎಂಥ ಹೋಲಿಕೆ ಅನ್ನೋದು ಮುಖ್ಯ. ಹಲ್ಲಿಗೂ ನಾಯಿಗೂ ನಾಲ್ಕು ಕಾಲಿದೆ, ಹಾವಿಗೆ ಇಲ್ಲ. ಹಾಗಂತ ಹಲ್ಲಿ ನಾಯಿಯ ನೆಂಟ ಆಗೋದಿಲ್ಲ. ನಾಲ್ಕು ಕಾಲು ಬಹಳ ಹಿಂದಿನ ಪೂರ್ವಜನಿಂದ ಬಂದ ಹಳೆಯ ಆಸ್ತಿ, ಹಾವು ಅದನ್ನು ಕಳೆದುಕೊಂಡಿದೆ ಅಷ್ಟೆ. ನಾಯಿ, ಬಾವಲಿ, ತಿಮಿಂಗಿಲ ಮೂರಕ್ಕೂ ಕೂದಲು ಮತ್ತು ಮೊಲೆಹಾಲು ಇದೆಯಲ್ಲ, ಅದು ಆ ವಂಶದಲ್ಲೇ ಹೊಸದಾಗಿ ಹುಟ್ಟಿದ್ದು. ಒಂದು ಕವಲಿನಲ್ಲಿ ಹೊಸದಾಗಿ ಬಂದು, ಆ ಕವಲಿನವರೆಲ್ಲ ಹಂಚಿಕೊಂಡ ಲಕ್ಷಣ ಮಾತ್ರ ಆ ಕವಲಿಗೆ ಸಾಕ್ಷಿ.

ನಾಟಿ ಸಸಿ

ನಾನು ಇಪ್ಪತ್ತು ವರ್ಷದಿಂದ ಗಿಡಗಳ ಹೆಸರು ಬರೆದಿಟ್ಟುಕೊಂಡು ಬಂದವನು. ಮೇಲಿನವರ ಜ್ಞಾನಕ್ಕೆ ಗೌರವ ಇಟ್ಟುಕೊಂಡೇ ನನ್ನ ಬೇಸರ ಹೇಳ್ತೀನಿ. ಹೆಸರು ಇರೋದೇ ಎಲ್ಲರೂ ಒಂದೇ ಗಿಡದ ಬಗ್ಗೆ ಮಾತಾಡ್ತಿದ್ದೀವಿ ಅಂತ ಗೊತ್ತಾಗೋಕೆ. ಪ್ರತಿ ಹತ್ತು ವರ್ಷಕ್ಕೆ ಹೆಸರು ಬದಲಾದರೆ ಆ ಉದ್ದೇಶವೇ ಹಾಳು. ಟೊಮ್ಯಾಟೊ ನೋಡಿ. ನಾನು ಕಲಿತದ್ದು ಲೈಕೋಪರ್ಸಿಕಾನ್ ಎಸ್ಕುಲೆಂಟಮ್. ಈಗ ಸೊಲಾನಮ್ ಲೈಕೋಪರ್ಸಿಕಮ್ ಅಂತ ಬರೀಬೇಕಂತೆ. ಗಿಡ ಅದೇ, ಹಣ್ಣು ಅದೇ. ನನ್ನ ಹಳೇ ಪಟ್ಟಿಗಳನ್ನೆಲ್ಲ ಎಷ್ಟು ಸಲ ತಿದ್ದಲಿ?

ಎಲೆನರ

ನಾಟಿ ಸಸಿ ಅವರೇ, ನಿಮ್ಮ ಬೇಸರ ನ್ಯಾಯವಾದದ್ದು. ಹೆಸರುಗಳ ಸ್ಥಿರತೆಗೂ ವಂಶದ ಸತ್ಯಕ್ಕೂ ನಡುವೆ ಎಳೆದಾಟ ಇದ್ದೇ ಇದೆ. ಆ ಎಳೆದಾಟವನ್ನು ಈ ಕ್ಷೇತ್ರದವರೂ ದಿನವೂ ಅನುಭವಿಸುತ್ತಾರೆ.

ಆದರೆ ನೀವು ಕೊಟ್ಟ ಉದಾಹರಣೆಯನ್ನೇ ಪೂರ್ತಿ ನೋಡೋಣ. 1753ರಲ್ಲಿ ಲಿನೇಯಸ್ ಇಟ್ಟ ಹೆಸರೇ ಸೊಲಾನಮ್ ಲೈಕೋಪರ್ಸಿಕಮ್. ಆಲೂಗಡ್ಡೆ, ಬದನೆಗಳ ಕುಲಕ್ಕೇ ಟೊಮ್ಯಾಟೊವನ್ನೂ ಸೇರಿಸಿದ್ದರು. ಮರುವರ್ಷವೇ ಫಿಲಿಪ್ ಮಿಲ್ಲರ್ ಎಂಬ ಇಂಗ್ಲೆಂಡಿನ ತೋಟಗಾರಿಕೆ ತಜ್ಞ ಅದನ್ನು ಬೇರ್ಪಡಿಸಿ ಲೈಕೋಪರ್ಸಿಕಾನ್ ಎಂಬ ಪ್ರತ್ಯೇಕ ಕುಲ ಮಾಡಿದರು. ಆ ಹೆಸರು ಇನ್ನೂರು ವರ್ಷಕ್ಕೂ ಹೆಚ್ಚು ಚಲಾವಣೆಯಲ್ಲಿತ್ತು. ಡಿಎನ್‌ಎ ಹೋಲಿಸಿ ನೋಡಿದಾಗ ಟೊಮ್ಯಾಟೊ ಸೊಲಾನಮ್ ಕುಲದ ನಟ್ಟನಡುವೆ ಕೂತಿರುವುದು ಕಂಡಿತು. ಆಲೂಗಡ್ಡೆಗೆ ಬದನೆಗಿಂತ ಟೊಮ್ಯಾಟೊ ಹತ್ತಿರದ ನೆಂಟ. ಹಾಗಾಗಿ ಹೆಸರು ಮೊದಲಿದ್ದ ಕಡೆಗೇ ವಾಪಸ್ಸಾಯಿತು.

ಇದರಿಂದ ಪ್ರಯೋಜನವೂ ಇದೆ. ಹೆಸರು ನೆಂಟಸ್ತನವನ್ನು ಹೇಳುವಂತಿದ್ದರೆ ಒಂದು ಗಿಡದಲ್ಲಿ ಕಂಡ ರೋಗನಿರೋಧಕ ಗುಣವನ್ನು ಇನ್ನಾವ ಗಿಡದಲ್ಲಿ ಹುಡುಕಬೇಕು ಎಂಬುದಕ್ಕೆ ದಾರಿ ಸಿಗುತ್ತದೆ. ಹೊರನೋಟವನ್ನೇ ನಂಬಿದರೆ ದಾರಿ ತಪ್ಪುತ್ತದೆ. ತಾವರೆ ಮತ್ತು ನೈದಿಲೆಯನ್ನು ಕಣ್ಣು ಮುಚ್ಚಿ ಒಂದೇ ಗುಂಪಿಗೆ ಸೇರಿಸುತ್ತೇವೆ. ಎರಡೂ ನೀರಿನಲ್ಲಿ, ಎರಡಕ್ಕೂ ಅಗಲದ ಎಲೆ, ಎಸಳು ತುಂಬಿದ ಹೂವು. ಹಿಂದೆ ಸಸ್ಯಶಾಸ್ತ್ರಜ್ಞರೂ ಹಾಗೇ ಮಾಡಿದ್ದರು. ಆದರೆ ನೈದಿಲೆ ಹೂಬಿಡುವ ಸಸ್ಯಗಳ ಅತ್ಯಂತ ಹಳೆಯ ಕವಲುಗಳಲ್ಲಿ ಒಂದು. ತಾವರೆಯ ಬದುಕಿರುವ ಹತ್ತಿರದ ನೆಂಟರಲ್ಲಿ ಪ್ಲೇನ್ ಮರ ಇದೆ, ಪ್ರೋಟಿಯಾ ಪೊದೆಗಳಿವೆ. ಎಲ್ಲಿಯ ನೀರು, ಎಲ್ಲಿಯ ಮರ! ಇದನ್ನು ಮೊದಲ ಸಲ ಓದಿದ ದಿನ ನಾನು ತಾವರೆಯ ಒಂದು ಹೂವನ್ನೂ ನೈದಿಲೆಯ ಒಂದು ಹೂವನ್ನೂ ಬಿಚ್ಚಿ ಕೂತಿದ್ದೆ. ತಾವರೆಯಲ್ಲಿ ಬೀಜಗಳು ಷವರಿನ ತಲೆಯಂಥ ಪೀಠದ ಗುಳಿಗಳಲ್ಲಿ ಒಂದೊಂದಾಗಿ ಕೂತಿರುತ್ತವೆ. ನೈದಿಲೆಯಲ್ಲಿ ಅಂಥ ಪೀಠವೇ ಇಲ್ಲ. ಅಷ್ಟು ಕಾಲ ಕಣ್ಣೆದುರಿಗೇ ಇದ್ದ ವ್ಯತ್ಯಾಸ ಅದು.

ನಾಟಿ ಸಸಿ

ಟೊಮ್ಯಾಟೊ ಮೊದಲಿಗೇ ಸೊಲಾನಮ್ ಆಗಿತ್ತು ಅನ್ನೋದು ನನಗೆ ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ಧನ್ಯವಾದ. ಪಟ್ಟಿ ತಿದ್ದುವಾಗ ಹಳೆ ಹೆಸರನ್ನೂ ಪಕ್ಕದಲ್ಲಿ ಬರೆದಿಡ್ತೀನಿ.

ಸುರುಳಿ ಏಣಿ

ಇಷ್ಟೆಲ್ಲ ಗೊಂದಲ ಯಾಕೆ? ಡಿಎನ್‌ಎ ಇದೆಯಲ್ಲ. ಪ್ರತಿ ಜೀವಿಯದ್ದೂ ಓದಿ ಕಂಪ್ಯೂಟರಿಗೆ ಹಾಕಿದರೆ ಮುಗೀತು. ರೆಕ್ಕೆ, ಮೀಸೆ, ಬೀಜ ಎಣಿಸುವ ಕಾಲ ಹೋಯ್ತು. 2003ರಿಂದ ಡಿಎನ್‌ಎ ಬಾರ್‌ಕೋಡ್ ಅಂತಲೇ ಬಂದಿದೆ. ಪ್ರಾಣಿಗಳಲ್ಲಿ ಸುಮಾರು 650 ಅಕ್ಷರಗಳ ಒಂದು ತುಣುಕು ಸಾಕು, ಪ್ರಭೇದ ಯಾವುದು ಅಂತ ಹೇಳಿಬಿಡುತ್ತೆ.

ಹುತ್ತದ ಮಣ್ಣು

ಬಾರ್‌ಕೋಡ್ ನಾನೂ ಬಳಸ್ತೀನಿ, ಬಹಳ ಕೆಲಸಕ್ಕೆ ಬರುತ್ತೆ. ಆದರೆ ಅದರಿಂದ ಎಲ್ಲ ಮುಗೀತು ಅನ್ನೋದನ್ನು ಒಪ್ಪಲಾರೆ.

ಆ ತುಣುಕು ಬರೋದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದಿಂದ. ಅದು ತಾಯಿಯ ಕಡೆಯಿಂದ ಮಾತ್ರ ಇಳಿದು ಬರುತ್ತೆ. ಎರಡು ಪ್ರಭೇದಗಳ ನಡುವೆ ಯಾವಾಗಲೋ ಮಿಶ್ರಣ ಆಗಿದ್ದರೆ ತುಣುಕು ಒಂದು ಕಥೆ ಹೇಳುತ್ತೆ, ಉಳಿದ ಜೀನ್‌ಗಳು ಇನ್ನೊಂದು ಕಥೆ ಹೇಳುತ್ತವೆ. ಹಿಮಕರಡಿಗೂ ಕಂದು ಕರಡಿಗೂ ಹುಟ್ಟಿದ ಮರಿ ಕಾಡಿನಲ್ಲೇ ಸಿಕ್ಕಿದೆ, 2006ರಲ್ಲಿ ಕೆನಡಾದಲ್ಲಿ ಒಂದು ಪತ್ತೆಯಾಯ್ತು. ತಮ್ಮೊಳಗೆ ಕೂಡಿ ಸಂತಾನ ಪಡೆಯುವ, ಬೇರೆಯವುಗಳಿಂದ ಪ್ರತ್ಯೇಕವಾಗಿ ಉಳಿದಿರುವ ಸಮುದಾಯಕ್ಕೆ ಪ್ರಭೇದ ಅಂತ 1942ರಲ್ಲಿ ಅರ್ನ್ಸ್ಟ್ ಮೇಯರ್ ವಿವರಣೆ ಕೊಟ್ಟರು. ಆ ಅಳತೆಗೆ ಈ ಕರಡಿಗಳು ಅಂಚಿನಲ್ಲಿ ನಿಲ್ಲುತ್ತವೆ. ಗಂಡು ಹೆಣ್ಣಿನ ಮಿಲನವೇ ಇಲ್ಲದೆ ಒಂದು ಎರಡಾಗುವ ಬ್ಯಾಕ್ಟೀರಿಯಾಕ್ಕೆ ಅದು ಹೊಂದೋದೇ ಇಲ್ಲ. ಪಳೆಯುಳಿಕೆಗಳಲ್ಲಿ ಬಹುಪಾಲಿಗೆ ಡಿಎನ್‌ಎಯೇ ಉಳಿದಿಲ್ಲ, ಅಲ್ಲಿ ಮೂಳೆ, ಹಲ್ಲು, ರೆಕ್ಕೆಯ ನರಗಳನ್ನೇ ನೋಡಬೇಕು.

ಇನ್ನೂ ಒಂದಿದೆ. ಒಂದು ಪ್ರಭೇದದ ಹೆಸರು ಅಂತಿಮವಾಗಿ ನೇತಾಡೋದು ಒಂದು ಮಾದರಿಗೆ. ಯಾವುದೋ ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಪಿನ್ನು ಚುಚ್ಚಿ ಇಟ್ಟ, ಅಥವಾ ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟ ಒಂದೇ ಒಂದು ಕೀಟ. ನನ್ನ ಕೈಗೆ ಹೊಸ ಗೆದ್ದಲು ಸಿಕ್ಕಿದೆ ಅಂತ ಅನಿಸಿದಾಗ ನಾನು ಆ ಮಾದರಿಯ ಸೈನಿಕನ ತಲೆಯ ಅಗಲ, ದವಡೆಯ ಹಲ್ಲು ಎಲ್ಲಿದೆ ಅನ್ನೋದನ್ನು ನನ್ನದರ ಜೊತೆ ಹೋಲಿಸಲೇಬೇಕು. ಒಂದು ಸಲ ಹೀಗೆ ಮೂರು ತಿಂಗಳು ಹೋಲಿಸಿದ ಮೇಲೆ, ಹೊಸದು ಅಂದುಕೊಂಡದ್ದು ಹಿಂದೆಯೇ ಹೆಸರಿಟ್ಟದ್ದು ಅಂತ ತಿಳೀತು. ಆ ಮೂರು ತಿಂಗಳಲ್ಲಿ ಆ ಹುಳದ ದವಡೆ ನನಗೆ ನನ್ನ ಅಂಗೈಯಷ್ಟೇ ಪರಿಚಯ ಆಗಿತ್ತು.

ಮಸೂರ

ವರ್ಗೀಕರಣ ಬರೀ ಪಂಡಿತರ ಜಗಳ ಅಂತ ಯಾರಿಗಾದರೂ ಅನಿಸಿದ್ದರೆ ಒಂದು ಸೊಳ್ಳೆಯ ಕಥೆ ಕೇಳಿ.

ಯುರೋಪಿನಲ್ಲಿ ಮಲೇರಿಯಾ ಹರಡುವುದು ಅನಾಫಿಲಿಸ್ ಮ್ಯಾಕ್ಯುಲಿಪೆನಿಸ್ ಎಂಬ ಸೊಳ್ಳೆ ಅಂತ ಗೊತ್ತಾಗಿತ್ತು. ಆದರೆ ಕೆಲವು ಕಡೆ ಆ ಸೊಳ್ಳೆ ಧಾರಾಳವಾಗಿತ್ತು, ಮಲೇರಿಯಾ ಮಾತ್ರ ಇರಲಿಲ್ಲ. ಯಾಕೆ ಅಂತ ಬಹಳ ಕಾಲ ಯಾರಿಗೂ ಬಗೆಹರಿಯಲಿಲ್ಲ. ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಮೊಟ್ಟೆ. ಪ್ರೌಢ ಸೊಳ್ಳೆಗಳು ನೋಡೋಕೆ ತದ್ರೂಪಿ, ಆದರೆ ಅವು ನೀರಿನ ಮೇಲೆ ಇಟ್ಟ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೇಲ್ಮೈಯ ಚಿತ್ತಾರ ಬೇರೆಬೇರೆ. ಕೆಲವದರಲ್ಲಿ ಅಡ್ಡಪಟ್ಟಿ, ಕೆಲವದರಲ್ಲಿ ಚುಕ್ಕೆ ಮಚ್ಚೆ, ತೇಲಲು ಇರುವ ಗಾಳಿಚೀಲಗಳ ಗಾತ್ರದಲ್ಲೂ ವ್ಯತ್ಯಾಸ. ಒಂದು ಅಂದುಕೊಂಡಿದ್ದ ಸೊಳ್ಳೆ ಹಲವು ಪ್ರಭೇದಗಳ ಗುಂಪಾಗಿತ್ತು. ಕೆಲವು ಮನುಷ್ಯರನ್ನು ಕಚ್ಚುತ್ತಿದ್ದವು, ಕೆಲವು ಹೆಚ್ಚಾಗಿ ದನಗಳನ್ನು. ಮನುಷ್ಯರನ್ನು ಕಚ್ಚುವ ಪ್ರಭೇದ ಎಲ್ಲಿದೆಯೋ ಅಲ್ಲಿ ಔಷಧಿ ಹೊಡೆಯಬೇಕು, ಉಳಿದ ಕಡೆ ಹೊಡೆದರೆ ದಂಡ. ಪ್ರಭೇದ ಗುರುತಿಸೋದರಲ್ಲಿ ತಪ್ಪಿದರೆ ಜೀವ ಹೋಗುತ್ತೆ, ನಾನು ಇದನ್ನು ಬಹಳ ಗಂಭೀರವಾಗಿ ಹೇಳ್ತಿದ್ದೀನಿ.

ಆನೆಯದ್ದೂ ಹಾಗೇ. ಆಫ್ರಿಕಾದ ಆನೆ ಒಂದೇ ಪ್ರಭೇದ ಅಂತ ಬಹಳ ಕಾಲ ಲೆಕ್ಕ ಹಾಕಿದ್ದರು. ಬಯಲಿನ ಆನೆ ಬೇರೆ, ಕಾಡಿನ ಆನೆ ಬೇರೆ ಅಂತ ಒಪ್ಪಿಕೊಂಡು 2021ರಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಬೇರೆಬೇರೆಯಾಗಿ ಎಣಿಸಿದಾಗ, ಕಾಡಾನೆ ಅಳಿವಿನ ತೀರಾ ಅಂಚಿನಲ್ಲಿದೆ ಅಂತ ಕಂಡಿತು. ಒಟ್ಟಿಗೆ ಎಣಿಸುವಾಗ ಆ ಅಪಾಯ ಮರೆಯಾಗಿತ್ತು.

ಅಂಚೆಚೀಟಿ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಮಗಳು ಇಡೀ ಚರ್ಚೆ ಓದಿದಳು. ಲಿನೇಯಸ್ ಗೆದ್ದಲನ್ನು ಏಡಿಯ ಜೊತೆ ಇಟ್ಟಿದ್ದರು ಅನ್ನೋದು ಅವಳಿಗೆ ತುಂಬಾ ಹಿಡಿಸಿತು. ಪ್ರಾಜೆಕ್ಟಿನ ಮೊದಲ ಪುಟದಲ್ಲಿ ಮೂರು ಕಾಲಮ್ ಎಳೆದು 1758, 1832, 2007 ಅಂತ ಬರೆದಿದ್ದಾಳೆ.

ಭೂತಗನ್ನಡಿಯಲ್ಲೂ ನೋಡಿದ್ವಿ. ಕುಡಿಮೀಸೆಯ ಮಣಿಗಳು ಸ್ಪಷ್ಟವಾಗಿ ಕಂಡವು, ಅವಳು 14 ಎಣಿಸಿದಳು, ನಾನು 13. ಮತ್ತೆ ಎಣಿಸೋಷ್ಟರಲ್ಲಿ ಅದು ತಿರುಗಿ ಓಡಿತು. ಇರುವೆಯ ಮೀಸೆ ಮಡಚಿಕೊಂಡಿರೋದೂ ಕಂಡಿತು.

ಈಗ ಅವಳ ಮುಂದಿನ ಪ್ರಶ್ನೆ: ಗೆದ್ದಲಿನ ಹೊಟ್ಟೆಯಲ್ಲಿರೋ ಜೀವಿಗಳು ಯಾವ ಗುಂಪು? ಅವಳ ಪುಸ್ತಕದಲ್ಲಿ ಐದು ಸಾಮ್ರಾಜ್ಯ ಅಂತಿದೆ, ಅದರಲ್ಲಿ ಎಲ್ಲಿ ಬರೀಬೇಕು?

ಮಸೂರ

ಐದು ಸಾಮ್ರಾಜ್ಯದ ಪದ್ಧತಿ 1969ರಲ್ಲಿ ವಿಟೇಕರ್ ಕೊಟ್ಟದ್ದು. ಆ ಪ್ರಕಾರ ಬರೆಯೋದಾದರೆ "ಪ್ರೋಟಿಸ್ಟಾ". ಈಗಿನ ತಿಳಿವಳಿಕೆಯಲ್ಲಿ ಅದು ಮೀನಿನ ಹಾಗೇ, ಒಂದು ವಂಶ ಅಲ್ಲ. ಪ್ರಾಣಿ, ಸಸ್ಯ, ಶಿಲೀಂಧ್ರ ಯಾವುದಕ್ಕೂ ಸೇರದ ಕೋಶಕೇಂದ್ರವುಳ್ಳ ಜೀವಿಗಳನ್ನೆಲ್ಲ ತುಂಬಿಟ್ಟ ಬುಟ್ಟಿ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ, ಬ್ಯಾಕ್ಟೀರಿಯಾ ಅಂದುಕೊಂಡಿದ್ದ ಕೆಲವು ಬೇರೆಯೇ ವಂಶ ಅಂತ ತೋರಿಸಿದರು. ಅವಕ್ಕೆ ಆರ್ಕಿಯಾ ಅಂತೀವಿ. 1990ರಲ್ಲಿ ಬ್ಯಾಕ್ಟೀರಿಯಾ, ಆರ್ಕಿಯಾ, ಯೂಕ್ಯಾರಿಯಾ ಅಂತ ಸಾಮ್ರಾಜ್ಯಕ್ಕಿಂತ ಮೇಲಿನ ಮೂರು ವಿಭಾಗ ಮಾಡಿದರು. ಮಗಳು "ಪ್ರೋಟಿಸ್ಟಾ (ಹಳೆಯ ಪದ್ಧತಿ), ಯೂಕ್ಯಾರಿಯಾ" ಅಂತ ಎರಡನ್ನೂ ಬರೆದರೆ ಒಳ್ಳೆಯದು. ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೆ ಹತ್ತಿರ ಅನ್ನೋದನ್ನೂ ಒಂದು ಸಾಲು ಸೇರಿಸಲಿ.

ಹುತ್ತದ ಮಣ್ಣು

ಮಗಳಿಗೆ ಇದನ್ನೂ ಹೇಳಿ. ನಾನು ಮೊದಲು ಹೇಳಿದ ಮ್ಯಾಸ್ಟೋಟರ್ಮಿಸ್ ಗೆದ್ದಲಿನ ಕರುಳಿನಲ್ಲಿ ಮಿಕ್ಸೋಟ್ರೈಕಾ ಅನ್ನೋ ಏಕಕೋಶ ಜೀವಿ ಇದೆ. ಸುಮಾರು ಅರ್ಧ ಮಿಲಿಮೀಟರ್ ಉದ್ದ. ಮೈಮೇಲೆಲ್ಲ ಸಣ್ಣ ರೋಮಗಳು ಅಲೆಯ ಹಾಗೆ ಆಡುತ್ತಾ ಅದನ್ನು ಮುಂದಕ್ಕೆ ಒಯ್ಯುತ್ತವೆ. ಆ ರೋಮಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವು ರೋಮಗಳೇ ಆಗಿರಲಿಲ್ಲ. ಒಂದೊಂದೂ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯಾ, ಸಾವಿರಾರು ಸಂಖ್ಯೆಯಲ್ಲಿ ಸಾಲಾಗಿ ಅಂಟಿಕೊಂಡು ಒಟ್ಟಿಗೆ ಈಜುತ್ತಿದ್ದವು. ಅದರ ಮೈಯೊಳಗೆ ಬೇರೆ ಬ್ಯಾಕ್ಟೀರಿಯಾಗಳೂ ವಾಸ ಇವೆ.

ಅಂದ್ರೆ ಒಂದು ಗೆದ್ದಲು, ಅದರೊಳಗೆ ಒಂದು ಏಕಕೋಶ ಜೀವಿ, ಅದರ ಮೇಲೂ ಒಳಗೂ ಹಲವು ಬ್ಯಾಕ್ಟೀರಿಯಾ. ಪ್ರತಿಯೊಂದಕ್ಕೂ ಬೇರೆ ಹೆಸರು, ಬೇರೆ ವಂಶ. ಇದರ ಚಿತ್ರ ಅವಳೇ ಬಿಡಿಸಲಿ, ಹೊರಗಿನಿಂದ ಒಳಕ್ಕೆ ಒಂದೊಂದೇ ವೃತ್ತ ಎಳೆದು ಯಾವುದು ಯಾವ ಗುಂಪು ಅಂತ ಪಕ್ಕದಲ್ಲಿ ಬರೆಯಲಿ. ಬಿಡಿಸಿದ ಮೇಲೆ ಇಲ್ಲಿ ಹಾಕಿ, ನೋಡೋ ಆಸೆ ಇದೆ. ಕುಡಿಮೀಸೆ ಮತ್ತೆ ಎಣಿಸುವಾಗ ತಲೆಗೆ ಅಂಟಿದ ಮೊದಲ ಗೆಣ್ಣನ್ನು ಬಿಡಬೇಡಿ, ಅದು ಉಳಿದವಕ್ಕಿಂತ ಉದ್ದ ಇರುತ್ತೆ, ಅದೂ ಲೆಕ್ಕಕ್ಕೆ ಬರುತ್ತೆ.